ಒಂದೇ ರೆಜಿಮೆಂಟಿನಲ್ಲಿ ಇಷ್ಟೊಂದು ಓಲೆ! ಅಳಿಯನ ಮನೆಯ ಸೈನಿಕನನ್ನು ಹುಡುಕುವುದು ಹೇಗೆ?

ಅಂಚೆಯಮ್ಮ · ಜೂನ್ 3

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಅಂಚೆ ಇಲಾಖೆಯಲ್ಲಿ 31 ವರ್ಷ ಇದ್ದು ರಿಟೈರ್ ಆದವಳು. ಈಗ ಮಗಳ ಮನೆಗೆ ಬಂದಿದ್ದೇನೆ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ. ಅಳಿಯ ಇಲ್ಲಿಯವನೇ. ಅವನ ಹಿರಿಯರು ನಾರ್ವೆಯಿಂದ ಬಂದು ನೆಲೆಸಿದವರು.

ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಅಂದಿದ್ದರು. ನಮ್ಮ ಕಡೆಯ ಮೂರು ತಲೆಮಾರಿನ ಹೆಸರು ಶ್ರಾದ್ಧದ ಪುಣ್ಯದಿಂದ ನನ್ನ ಬಾಯಲ್ಲೇ ಇದ್ದವು, ಬರೆಸಿದೆ. ಅಳಿಯನ ಕಡೆ ಮಾತ್ರ ಅಜ್ಜನ ಅಜ್ಜನ ಹತ್ತಿರ ಬಂದು ನಿಂತುಹೋಯಿತು. ಶಾಲೆಯವರು ಮಾರ್ಕ್ಸ್ ಕೊಟ್ಟು ಮುಗಿಸಿದರು. ನನಗೆ ಮುಗಿದಿಲ್ಲ.

ಆ ಅಜ್ಜನ ಅಜ್ಜನ ಹೆಸರು ಓಲೆ. ಇಲ್ಲಿಯವರು ಓಲಿ ಅನ್ನುತ್ತಾರೆ. ಬರೆದದ್ದನ್ನು ಓದಿದರೆ ನನಗೆ ಓಲೆಯೇ. ಜೀವಮಾನವೆಲ್ಲ ಓಲೆ ಹಂಚಿದವಳಿಗೆ ಕೊನೆಗೆ ಸಿಕ್ಕಿದ್ದೂ ಓಲೆ, ನೋಡಿ! ಮನೆಯವರು ಹೇಳುವುದು ಇಷ್ಟು: ಅವರು ಅಮೆರಿಕದ ಅಂತರ್ಯುದ್ಧದಲ್ಲಿ (ಉತ್ತರ, ದಕ್ಷಿಣ ರಾಜ್ಯಗಳ ಮಧ್ಯೆ, 1861-65) ಉತ್ತರದ ಕಡೆಯ 15ನೇ ವಿಸ್ಕಾನ್ಸಿನ್ ಕಾಲಾಳು ರೆಜಿಮೆಂಟಿನಲ್ಲಿದ್ದರು. ಗೆಟಿಸ್‌ಬರ್ಗ್ ಯುದ್ಧದಲ್ಲಿ ಕಾಲಿಗೆ ಗುಂಡು ಬಿತ್ತು, ಸಾಯುವ ತನಕ ಕುಂಟುತ್ತಿದ್ದರು. ಶೌರ್ಯಕ್ಕೆ ಪದಕ ಬಂತು. ಪದಕ ಮನೆಯಲ್ಲೇ ಇದೆ: ಐದು ಮೂಲೆಯ ಕಂಚಿನ ನಕ್ಷತ್ರ, ಮೇಲೆ ಬಾವುಟದ ಬಣ್ಣದ ರಿಬ್ಬನ್, ಅದರ ಮೇಲೆ ಹದ್ದು.

ಸರ್ಕಾರದ ಸೈಟಿನಲ್ಲಿ ಹುಡುಕಿದೆ. ಆ ರೆಜಿಮೆಂಟಿನಲ್ಲಿ ಓಲೆಗಳ ಸಂತೆಯೇ ನೆರೆದಿದೆ! ನಮ್ಮವರ ಹೆಸರು ಓಲೆ ಆಂಡರ್ಸನ್ ಅಂತ ಮನೆಯವರು ಹೇಳಿದ್ದಕ್ಕೆ, ಆ ಹೆಸರಿನಲ್ಲಿ ಕಂಡ ಒಬ್ಬರ ಸೇವಾ ದಾಖಲೆಗೆ 30 ಡಾಲರ್ ಕಟ್ಟಿ ತರಿಸಿದೆ. ಬಂದ ಮೇಲೆ ನೋಡುತ್ತೇನೆ, ಆ ಪುಣ್ಯಾತ್ಮ 1864ರಲ್ಲೇ ಸೆರೆಯಲ್ಲಿ ತೀರಿಕೊಂಡಿದ್ದಾನೆ. ನಮ್ಮ ಓಲೆಗೆ 1880ರಲ್ಲಿ ಮಗ ಹುಟ್ಟಿದ್ದು! 30 ಡಾಲರ್ ನೀರಿಗೆ ಹೋಯಿತು. ಮಗಳಿಗೆ ಇನ್ನೂ ಹೇಳಿಲ್ಲ.

ನನ್ನ ವಾಪಸ್ ಟಿಕೆಟ್ ಅಕ್ಟೋಬರಿಗೆ. ಯಾರಾದರೂ ದಾರಿ ತೋರಿಸಿ.

ಹಳೇಕಡತ · ಜೂನ್ 3

ಅಮ್ಮ, ನಾನು ವಾಷಿಂಗ್ಟನ್ ಹತ್ತಿರ ಇರೋದು. ರಾಷ್ಟ್ರೀಯ ಪತ್ರಾಗಾರಕ್ಕೆ ರಜೆ ಸಿಕ್ಕಾಗೆಲ್ಲ ಹೋಗುವ ಹುಚ್ಚು ಇದೆ.

ಮೊದಲು ಒಂದು ಕಹಿ ಮಾತು. ಗೆಟಿಸ್‌ಬರ್ಗ್ ಯುದ್ಧ ನಡೆದದ್ದು ಪೂರ್ವದ ಪೆನ್ಸಿಲ್ವೇನಿಯಾದಲ್ಲಿ, 1863ರ ಜುಲೈ 1ರಿಂದ 3. ಆ ಹೊತ್ತಿಗೆ 15ನೇ ವಿಸ್ಕಾನ್ಸಿನ್ ಇದ್ದದ್ದು ಟೆನಿಸ್ಸಿಯಲ್ಲಿ. ಆ ರೆಜಿಮೆಂಟ್ ಯುದ್ಧ ಮುಗಿಯೋವರೆಗೂ ಪಶ್ಚಿಮದ ರಂಗದಲ್ಲೇ ಇತ್ತು: ಪೆರಿವಿಲ್, ಸ್ಟೋನ್ಸ್ ರಿವರ್, ಚಿಕಮಾಗ, ಆಮೇಲೆ ಅಟ್ಲಾಂಟಾ ದಾರಿ. ಗೆಟಿಸ್‌ಬರ್ಗ್‌ಗೆ ಹೋದ ವಿಸ್ಕಾನ್ಸಿನ್ ರೆಜಿಮೆಂಟುಗಳು ಬೇರೆ. ಅಂದರೆ ಒಂದೋ ರೆಜಿಮೆಂಟ್ ತಪ್ಪು, ಇಲ್ಲವೇ ಗೆಟಿಸ್‌ಬರ್ಗ್ ತಪ್ಪು.

ಎರಡನೇ ಕಹಿ ಮಾತು. ಆ ನಕ್ಷತ್ರ ಶೌರ್ಯ ಪದಕ ಅಲ್ಲ ಅನ್ನಿಸುತ್ತೆ. ನೀವು ಹೇಳಿದ ಹದ್ದು, ರಿಬ್ಬನ್, ನಕ್ಷತ್ರ ಎಲ್ಲ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್‌ನ ಬ್ಯಾಡ್ಜಿಗೆ ಹೊಂದುತ್ತವೆ. ಅದು ಉತ್ತರದ ಮಾಜಿ ಸೈನಿಕರ ಸಂಘ, 1866ರಲ್ಲಿ ಶುರುವಾದದ್ದು. ಆದರೆ ಬೇಜಾರಾಗಬೇಡಿ, ಹುಡುಕುವವರಿಗೆ ಇದು ಪದಕಕ್ಕಿಂತ ಒಳ್ಳೆಯದು. ಮನುಷ್ಯ ಯುದ್ಧ ಮುಗಿಸಿ ಬದುಕಿ ಬಂದಿದ್ದ ಅಂತ ಖಾತ್ರಿ ಆಯ್ತಲ್ಲ.

ಈಗ ಹೇಳಿ: ಸಮಾಧಿ ಎಲ್ಲಿದೆ ಗೊತ್ತಾ? ಕಲ್ಲಿನ ಮೇಲೆ ಕಂಪನಿಯ ಅಕ್ಷರ ಇದೆಯಾ? ಹೆಂಡತಿ ಆಮೇಲೂ ಬದುಕಿದ್ದರಾ?

ಬಯಲುಸೀಮೆ_ಬಸು · ಜೂನ್ 4

ಅಮ್ಮಾ, 30 ಡಾಲರ್ ವಿಷಯ ಮಗಳಿಗೆ ಹೇಳಬೇಡಿ, ನಾವೂ ಹೇಳಲ್ಲ 😄

ಕಂಪನಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಿ ಹಳೇಕಡತ ಅವರೇ. ನಾನಂತೂ ಬಿಸ್ಕತ್ ಕಂಪನಿ ನೆನೆಸಿಕೊಂಡೆ.

ಹಳೇಕಡತ · ಜೂನ್ 4

ಒಂದು ಕಾಲಾಳು ರೆಜಿಮೆಂಟ್ ಅಂದರೆ ಲೆಕ್ಕಕ್ಕೆ ಸುಮಾರು 1000 ಜನ. ಅದರಲ್ಲಿ ಹತ್ತು ಕಂಪನಿ, ಒಂದೊಂದರಲ್ಲಿ ಸುಮಾರು 100 ಜನ. ಎ, ಬಿ, ಸಿ ಅಂತ ಶುರುವಾಗಿ ಕೆ ತನಕ. ಎಣಿಸಿದರೆ ಹನ್ನೊಂದು ಆಗಬೇಕಲ್ಲ? ಜೆ ಇಲ್ಲ. ಕೈಬರಹದಲ್ಲಿ ಐ ಮತ್ತು ಜೆ ಒಂದೇ ಥರ ಕಾಣುತ್ತವೆ ಅಂತ ಬಿಟ್ಟರು ಅನ್ನುತ್ತಾರೆ. ಯಾರಾದರೂ "ನಮ್ಮಜ್ಜ ಜೆ ಕಂಪನಿ" ಅಂದರೆ ಆ ಕಾಗದವನ್ನು ಇನ್ನೊಂದು ಸಲ ಓದಿ.

ಕಂಪನಿ ಯಾಕೆ ಮುಖ್ಯ ಅಂದರೆ, ಆಗ ಒಂದು ಊರು, ಅಕ್ಕಪಕ್ಕದ ಊರಿನವರು ಒಟ್ಟಿಗೆ ಸೇರಿ ಒಂದೇ ಕಂಪನಿಗೆ ಹೋಗುತ್ತಿದ್ದರು. ಅಣ್ಣ ತಮ್ಮ, ಭಾವ ಮೈದುನ, ಪಕ್ಕದ ಹೊಲದವನು, ಎಲ್ಲ ಒಂದೇ ಕಡೆ. ಓಲೆ ಹತ್ತು ಜನ ಇರಬಹುದು. ಆದರೆ ಅದೇ ಊರಿನ, ಅದೇ ಕಂಪನಿಯ, ಅದೇ ವಯಸ್ಸಿನ ಓಲೆ ಅಷ್ಟು ಜನ ಇರಲ್ಲ.

ಸುಮ್ನೆ_ಓದುಗ · ಜೂನ್ 4

ಕನ್ನಡದವರ ಜಾಗದಲ್ಲಿ ಅಮೆರಿಕದವರ ಯುದ್ಧ ಯಾಕೆ? ನಮ್ಮಲ್ಲೇ ಹುಡುಕಬೇಕಾದ್ದು ಬೇಕಾದಷ್ಟಿದೆ.

ಬಯಲುಸೀಮೆ_ಬಸು · ಜೂನ್ 4

ಕೇಳ್ತಿರೋರು ತೀರ್ಥಹಳ್ಳಿಯವರು, ಮೊಮ್ಮಗ ಅವರವನು. ಇನ್ನೇನು ಬೇಕು? ಹಂಗೇ ಮುಂದೆ ಹೋಗೋಣ.

ಮಿನಿಯಾಪೋಲಿಸ್_ಮಂಜು · ಜೂನ್ 5

ಅಂಚೆಯಮ್ಮ, ನಾನು ಪಕ್ಕದ ಮಿನಿಸೋಟದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಇಲ್ಲಿ ಬೀದಿಗೊಬ್ಬ ನಾರ್ವೆ ಮೂಲದವರು. 15ನೇ ವಿಸ್ಕಾನ್ಸಿನ್ ಅಂದರೆ ಅವರಿಗೆ ಮನೆಯ ರೆಜಿಮೆಂಟ್ ಇದ್ದಹಾಗೆ. ಅದನ್ನು ಸ್ಕ್ಯಾಂಡಿನೇವಿಯನ್ ರೆಜಿಮೆಂಟ್ ಅಂತಲೇ ಕರೆಯುತ್ತಿದ್ದರು. ಜಾಸ್ತಿ ಜನ ನಾರ್ವೆಯವರು, ಸ್ವಲ್ಪ ಸ್ವೀಡನ್, ಡೆನ್ಮಾರ್ಕಿನವರು. ಕಂಪನಿಗಳಿಗೂ ಓಡಿನ್ಸ್ ರೈಫಲ್ಸ್, ಸೇಂಟ್ ಓಲಾಫ್ಸ್ ರೈಫಲ್ಸ್ ಅಂತ ತಮ್ಮೂರಿನ ಹೆಸರು ಇಟ್ಟುಕೊಂಡಿದ್ದರು. ಕರ್ನಲ್ ಹಾನ್ಸ್ ಕ್ರಿಶ್ಚಿಯನ್ ಹೆಗ್, ನಾರ್ವೆಯಲ್ಲಿ ಹುಟ್ಟಿ ವಿಸ್ಕಾನ್ಸಿನ್‌ನಲ್ಲಿ ಬೆಳೆದವರು. 1863ರ ಸೆಪ್ಟೆಂಬರಿನಲ್ಲಿ ಚಿಕಮಾಗದಲ್ಲಿ ಗುಂಡು ತಗುಲಿ ತೀರಿಕೊಂಡರು. ಮ್ಯಾಡಿಸನ್‌ನ ಕ್ಯಾಪಿಟಲ್ ಕಟ್ಟಡದ ಮುಂದೆ ಅವರ ಪ್ರತಿಮೆ ಇದೆ. 2020ರಲ್ಲಿ ಕಪ್ಪುಜನರ ಪರ ಪ್ರತಿಭಟನೆಯ ಗಲಾಟೆಯಲ್ಲಿ ಉರುಳಿಸಿದ್ದರು, ಸರಿಮಾಡಿ ಮತ್ತೆ ನಿಲ್ಲಿಸಿದ್ದಾರೆ. ವಾಕಿಂಗ್ ಹೋದಾಗ ನೋಡಿಬನ್ನಿ. ಗುಲಾಮಗಿರಿಯನ್ನು ವಿರೋಧಿಸಿದ್ದವರ ಪ್ರತಿಮೆಯನ್ನೇ ಉರುಳಿಸಿದ್ದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇರಲಿ.

ಇನ್ನೊಂದು. ಓಲೆ ಆಂಡರ್ಸನ್ ಅಂತ ಮಾತ್ರ ಹುಡುಕಬೇಡಿ. ಅವರಲ್ಲಿ ಆಗ ಮನೆತನದ ಹೆಸರು ಅಂತ ಇರಲಿಲ್ಲ. ಆಂಡರ್ಸ್ ಅನ್ನುವವನ ಮಗ ಆದ್ದರಿಂದ ಆಂಡರ್ಸನ್. ಮಗಳಾದರೆ ಆಂಡರ್ಸ್‌ಡಾಟರ್. ಅವನ ಮಗ ಓಲ್ಸನ್ ಆಗುತ್ತಾನೆ. ಇದರ ಜೊತೆಗೆ ವಾಸವಿದ್ದ ಜಮೀನಿನ ಹೆಸರು ಬಾಲದಂತೆ ಅಂಟಿಕೊಳ್ಳುತ್ತೆ. ಜಮೀನು ಬದಲಾಯಿಸಿದರೆ ಬಾಲವೂ ಬದಲು. ಅಮೆರಿಕಕ್ಕೆ ಬಂದ ಮೇಲೆ ಕೆಲವರು ಅಪ್ಪನ ಹೆಸರು ಉಳಿಸಿಕೊಂಡರು, ಕೆಲವರು ಜಮೀನಿನ ಹೆಸರು ಇಟ್ಟುಕೊಂಡರು. ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಬೇರೆಬೇರೆ ಹೆಸರು ಇರೋದನ್ನೂ ನೋಡಿದ್ದೇನೆ.

ಅಂಚೆಯಮ್ಮ · ಜೂನ್ 5

ಅಯ್ಯೋ ಮಂಜು, ಇದು ನಮ್ಮ ಮಲೆನಾಡೇ! ದಿಬ್ಬದಮನೆ, ಹೊಸಮನೆ, ಕೆಳಗಿನಮನೆ. ನನ್ನ ಬೀಟಿನಲ್ಲಿ ನಾಲ್ಕು ಮಂಜಪ್ಪ ಇದ್ದರು. ಪೋಸ್ಟ್‌ಮ್ಯಾನ್ ಕೇಳುತ್ತಿದ್ದದ್ದೇ "ಯಾವ ಮನೆ ಮಂಜಪ್ಪ" ಅಂತ. ಅಪ್ಪನ ಹೆಸರು, ಊರಿನ ಹೆಸರು ಎರಡನ್ನೂ ಇನಿಶಿಯಲ್ ಮಾಡಿ ಮುಂದೆ ಇಡುವವರು ನಾವು. ಇವರು ಅದನ್ನೇ ಹಿಂದೆ ಇಟ್ಟಿದ್ದಾರೆ, ಅಷ್ಟೇ.

ಅಳಿಯನ ಸರ್‌ನೇಮ್ ಆಂಡರ್ಸನ್ ಅಲ್ಲ. ಅದು ಬೇರೆ. (ಇಲ್ಲಿ ಹಾಕುವುದಿಲ್ಲ, ಕ್ಷಮಿಸಿ.) ಅದು ಎಲ್ಲಿಂದ ಬಂತು ಅಂತ ಅವನಿಗೂ ಗೊತ್ತಿಲ್ಲ. ಜಮೀನಿನ ಹೆಸರೇ ಇರಬಹುದಾ?

ಮಿನಿಯಾಪೋಲಿಸ್_ಮಂಜು · ಜೂನ್ 5

ಇರಬಹುದು. ಉದಾಹರಣೆಗೆ ಬಾಕ್ಕೆನ್ ಅಂತ ಇಲ್ಲಿ ತುಂಬ ಜನ ಇದ್ದಾರೆ. ಅರ್ಥ ದಿಬ್ಬ, ಅಂದರೆ ನಿಮ್ಮ ದಿಬ್ಬದಮನೆಯವರು. ನೀಗಾರ್ಡ್ ಅಂದರೆ ಹೊಸ ಜಮೀನು. ಹೊಸಮನೆಯವರು ಅನ್ನಿ.

ಅಂಚೆಯಮ್ಮ · ಜೂನ್ 14

ಸಮಾಧಿಗೆ ಹೋಗಿಬಂದೆವು. ಇಲ್ಲಿಂದ ಅರ್ಧ ಗಂಟೆ ದಾರಿ. ಜೋಳದ ಹೊಲದ ಮಧ್ಯೆ ಬಿಳಿ ಬಣ್ಣದ ಲುಥೆರನ್ ಚರ್ಚು, ಹಿಂದೆ ಸ್ಮಶಾನ. ಬಿಳಿ ಅಮೃತಶಿಲೆ, ಮೊಣಕಾಲೆತ್ತರ. ಕಲ್ಲಿನಲ್ಲಿ ಗುರಾಣಿಯ ಆಕಾರ ತಗ್ಗಿಸಿ ಕೆತ್ತಿ, ಅದರೊಳಗೆ ಉಬ್ಬಿದ ಅಕ್ಷರ. ಹೆಸರು ಓಲೆ, ಮುಂದೆ ಅಳಿಯನ ಸರ್‌ನೇಮೇ ಇದೆ! ಆಂಡರ್ಸನ್ ಇಲ್ಲ. ಕೆಳಗೆ "15 ವಿಸ್. ಇನ್ಫ." ಅಂತ ಚೆನ್ನಾಗಿ ಓದಬಹುದು. ಹುಟ್ಟಿದ್ದು, ಸತ್ತದ್ದು ಏನೂ ಇಲ್ಲ. ಪಕ್ಕದಲ್ಲಿ ಹೆಂಡತಿಯ ಕಲ್ಲು, ಅದರಲ್ಲಿ ಇಸವಿ ಇದೆ. ಓಲೆ 1919ರಲ್ಲಿ ಹೋದರು ಅಂತ ಚರ್ಚಿನ ಪುಸ್ತಕದಲ್ಲಿತ್ತು. ಹೆಂಡತಿ ಅವರಾದ ಮೇಲೆ ಎಂಟು ವರ್ಷ ಇದ್ದರು.

ತೊಂದರೆ ಕಂಪನಿಯದು. ಇ ನೋ ಎಫ್ ನೋ ಗೊತ್ತಾಗುತ್ತಿಲ್ಲ. ಇಂಗ್ಲಿಷ್ ಇ ಅಕ್ಷರದ ಕೆಳಗಿನ ಅಡ್ಡಗೆರೆ ಸವೆದುಹೋದರೆ ಅದು ಎಫ್ ಆಗುತ್ತದಲ್ಲ? ಬೆರಳಿನಿಂದ ಸವರಿ ನೋಡಿದೆ. ಕೆಳಗೆ ಏನೋ ಇದ್ದಹಾಗೂ ಆಗುತ್ತದೆ, ಇಲ್ಲದಹಾಗೂ ಆಗುತ್ತದೆ. ಮೇಲೆ ಪಾಚಿ ಬೇರೆ. ಅಳಿಯ ಬ್ಲೀಚ್ ಹಾಕಿ ತಿಕ್ಕೋಣ ಅಂದ.

ಹಳೇಕಡತ · ಜೂನ್ 14

ಬೇಡ ಬೇಡ! ಬ್ಲೀಚ್ ಬೇಡ, ತಂತಿ ಬ್ರಷ್ ಬೇಡ, ಸೀಮೆಸುಣ್ಣವೂ ಬೇಡ. ಅಮೃತಶಿಲೆ ಸಕ್ಕರೆ ಥರ ಉದುರುತ್ತೆ, ಉಳಿದದ್ದೂ ಹೋಗುತ್ತೆ.

ಸಂಜೆ ಕತ್ತಲಾದ ಮೇಲೆ ಹೋಗಿ. ಟಾರ್ಚನ್ನು ಕಲ್ಲಿನ ಮುಂದೆ ಹಿಡಿಯಬೇಡಿ. ಪಕ್ಕದಿಂದ, ಕಲ್ಲಿಗೆ ಹೆಚ್ಚುಕಮ್ಮಿ ತಾಗಿಸಿ, ಓರೆಯಾಗಿ ಬಿಡಿ. ಸವೆದ ಗೆರೆಗೂ ಒಂದು ನೆರಳು ಇರುತ್ತೆ. ಅಡ್ಡಗೆರೆ ನೋಡಬೇಕಾದರೆ ಬೆಳಕು ಕೆಳಗಿನಿಂದ ಅಥವಾ ಮೇಲಿನಿಂದ ಬರಲಿ. ಫೋನಿನಲ್ಲಿ ಫೋಟೋ ತೆಗೆಯಿರಿ.

ಆ ಗುರಾಣಿ ಕಲ್ಲು ಸರ್ಕಾರ ಕೊಟ್ಟದ್ದು. 1879ರಿಂದ ಖಾಸಗಿ ಸ್ಮಶಾನದಲ್ಲಿರುವ ಸೈನಿಕರಿಗೂ ಕೊಡೋಕೆ ಶುರುಮಾಡಿದರು. ಇಸವಿ ಇಲ್ಲದಿರುವುದು ಆ ನಮೂನೆಯಲ್ಲಿ ಮಾಮೂಲಿ.

ಲ್ಯಾನ್ಸರ್_ಮೊಮ್ಮಗ · ಜೂನ್ 15

ಮಧ್ಯದಲ್ಲಿ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಆ ಕಲ್ಲಿನ ಮಾತು ಕೇಳಿ ನಮ್ಮ ವೀರಗಲ್ಲು ನೆನಪಾಯ್ತು. ನಮ್ಮ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು, 1918ರಲ್ಲಿ ಹೈಫಾ ಕಡೆ ಹೋಗಿದ್ದರು ಅಂತ ಮನೆಯಲ್ಲಿ ಹೇಳ್ತಾರೆ. ಇದೇ ದಾರಿ ನಮಗೂ ಆಗುತ್ತಾ?

ಹಳೇಕಡತ · ಜೂನ್ 15

ದಾರಿ ಬೇರೆ. ಲ್ಯಾನ್ಸರ್ಸ್ ಮೈಸೂರು ಮಹಾರಾಜರ ಸೇನೆ, ಯುದ್ಧಕ್ಕೆ ಬ್ರಿಟಿಷರ ಜೊತೆ ಹೋದದ್ದು. ಸಂಸ್ಥಾನದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ, ಬ್ರಿಟಿಷರ ಕಡೆಯದಕ್ಕೆ ಲಂಡನ್ನಿನ ಬ್ರಿಟಿಷ್ ಲೈಬ್ರರಿ. ಯುದ್ಧದಲ್ಲಿ ತೀರಿಕೊಂಡಿದ್ದರೆ ಕಾಮನ್‌ವೆಲ್ತ್ ಸಮಾಧಿ ಆಯೋಗದ ಸೈಟ್ ಮೊದಲು ನೋಡಿ. ಬದುಕಿ ಬಂದಿದ್ದರೆ ಪೆನ್ಷನ್ ಪುಸ್ತಕ, ಜಮೀನಿನ ಮಂಜೂರಾತಿ ಪತ್ರ ಮನೆಯ ಟ್ರಂಕಿನಲ್ಲಿ ಇದೆಯಾ ಹುಡುಕಿ. ಬೇರೆ ಥ್ರೆಡ್ ತೆರೆಯಿರಿ, ಬರ್ತೀನಿ.

ಅಂಚೆಯಮ್ಮ · ಜೂನ್ 22

ಇ!

ರಾತ್ರಿ ಒಂಬತ್ತೂವರೆಗೆ ಹೋದೆವು, ಇಲ್ಲಿ ಬೇಸಿಗೆಯಲ್ಲಿ ಅಷ್ಟು ಹೊತ್ತಿನ ತನಕ ಬೆಳಕಿರುತ್ತದೆ. ನಾನು ಸೀರೆ ಎತ್ತಿಕಟ್ಟಿ ಹುಲ್ಲಿನ ಮೇಲೆ ಕೂತೆ. ಮೊಮ್ಮಗ ಟಾರ್ಚನ್ನು ನೆಲಕ್ಕೆ ತಾಗಿಸಿ ಕೆಳಗಿನಿಂದ ಬಿಟ್ಟ. ಬೆಳ್ಳಗೆ ಬೋಳಾಗಿದ್ದ ಕಡೆ ಕೂದಲೆಳೆಯಷ್ಟು ಕಪ್ಪು ನೆರಳು ಎದ್ದಿತು, ಅಡ್ಡಗೆರೆಯಷ್ಟೇ ಉದ್ದ. ಮೂರು ಸಲ ಬಿಟ್ಟು ಬಿಟ್ಟು ನೋಡಿದೆವು. ಸೊಳ್ಳೆ ಮಾತ್ರ ತೀರ್ಥಹಳ್ಳಿಗಿಂತ ಜಾಸ್ತಿ.

ಇನ್ನೊಂದು ಗೊತ್ತಾಯಿತು. ನಾನು 30 ಡಾಲರ್ ಕೊಟ್ಟು ತರಿಸಿದ ಆ ಬೇರೆ ಓಲೆ ಎಫ್ ಕಂಪನಿಯವನು.

ಹಳೇಕಡತ · ಜೂನ್ 22

ಭೇಷ್ ಅಮ್ಮ!

ಈಗ ಸೇವಾ ದಾಖಲೆಗೆ ಅವಸರ ಬೇಡ. ಪೆನ್ಷನ್ ಫೈಲು ಮೊದಲು. ಸೇವಾ ದಾಖಲೆ ಅಂದರೆ ಹಾಜರಿ ಪುಸ್ತಕ ಅಷ್ಟೇ. ಎರಡು ತಿಂಗಳಿಗೊಮ್ಮೆ ಹಾಜರಿ ಹಾಕುತ್ತಿದ್ದರು. ಪೆನ್ಷನ್ ಅರ್ಜಿಗಳು ರಾಶಿಬಿದ್ದಾಗ ಗುಮಾಸ್ತರು ಕೂತು ಆ ಪಟ್ಟಿಗಳಿಂದ ಒಬ್ಬೊಬ್ಬರ ಹೆಸರಿಗೆ ಸಣ್ಣ ಸಣ್ಣ ಕಾರ್ಡಿಗೆ ಇಳಿಸಿದರು. ಇದ್ದ, ಇರಲಿಲ್ಲ, ಕಾಯಿಲೆ, ಇಷ್ಟೇ ಅದರಲ್ಲಿ.

ಪೆನ್ಷನ್ ಫೈಲಿನಲ್ಲಿ ಮನೆಯೇ ಇರುತ್ತೆ. 1862ರ ಕಾನೂನಿನ ಪ್ರಕಾರ, ಸೇನೆಯಲ್ಲಿದ್ದಾಗಲೇ ದೇಹಕ್ಕೆ ಊನ ಆಯ್ತು ಅಂತ ಸಾಬೀತು ಮಾಡಬೇಕು. ಡಾಕ್ಟರ ವರದಿ, ಜೊತೆಯವರ ಅಫಿಡವಿಟ್ಟು ಎಲ್ಲ ಬೇಕು. 1890ರಲ್ಲಿ ಸಡಿಲ ಮಾಡಿದರು: 90 ದಿನ ಸೇವೆ ಮಾಡಿದ್ದು, ಈಗ ದುಡಿಯೋಕೆ ಆಗದಿದ್ದರೆ ಸಾಕು. 1907ರಲ್ಲಿ ವಯಸ್ಸಿಗೇ ಕೊಟ್ಟರು: 62 ಆದರೆ ತಿಂಗಳಿಗೆ 12 ಡಾಲರ್, 70ಕ್ಕೆ 15, 75ಕ್ಕೆ 20. ಪ್ರತಿಸಲ ಹೊಸ ಅರ್ಜಿ, ಹೊಸ ಕಾಗದ. 1898ರಲ್ಲಿ ಒಂದು ಪ್ರಶ್ನಾವಳಿ ಕಳಿಸಿ ಹೆಂಡತಿ ಯಾರು, ಮದುವೆ ಎಲ್ಲಿ, ಮಕ್ಕಳು ಯಾವಾಗ ಹುಟ್ಟಿದರು ಅಂತಲೂ ಕೇಳಿದ್ದರು.

ಫೈಲಿಗೆ ಮುಂಚೆ ಸೂಚಿ ಕಾರ್ಡ್ ಹುಡುಕಿ. ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ಸೈಟಿನಲ್ಲಿ ಪುಕ್ಕಟೆ. ಅದರಲ್ಲಿ ಸೈನಿಕ, ವಿಧವೆ, ಕಂಪನಿ, ರೆಜಿಮೆಂಟ್ ಎಲ್ಲ ಒಂದೇ ಕಾರ್ಡಿನಲ್ಲಿ. ವಿಧವೆಯ ಹೆಸರು ನಿಮ್ಮ ಕಲ್ಲಿನ ಹೆಸರಿಗೆ ಕೂಡಿದರೆ ಮುಗೀತು. 1890ರ ಮಾಜಿ ಸೈನಿಕರ ಪಟ್ಟಿಯನ್ನೂ ನೋಡಿ. ಆ ವರ್ಷದ ಜನಗಣತಿ 1921ರ ಬೆಂಕಿಯಲ್ಲಿ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಸೈನಿಕರ ಪಟ್ಟಿಯಲ್ಲೂ ಅಕ್ಷರಕ್ರಮದಲ್ಲಿ ಕೆಂಟಕಿಯ ಅರ್ಧದ ತನಕ ಇಲ್ಲ. ವಿಸ್ಕಾನ್ಸಿನ್ ಕೊನೆಯಲ್ಲಿ ಬರೋದರಿಂದ ನಿಮ್ಮ ಅದೃಷ್ಟ, ಉಳಿದಿದೆ.

(ದಕ್ಷಿಣದ ಸೇನೆಯವರನ್ನು ಹುಡುಕುತ್ತಿರುವವರು ಇದನ್ನು ಓದಿ ಹೊರಡಬೇಡಿ. ಅವರಿಗೆ ಕೇಂದ್ರ ಸರ್ಕಾರ ಪೆನ್ಷನ್ ಕೊಡಲಿಲ್ಲ, ಆಯಾ ರಾಜ್ಯಗಳು ಕೊಟ್ಟವು. ಹುಡುಕೋದೂ ಆಯಾ ರಾಜ್ಯದಲ್ಲೇ.)

ಅಂಚೆಯಮ್ಮ · ಜೂನ್ 24

ಸಿಕ್ಕಿತು. ಕಾರ್ಡಿನಲ್ಲಿ ಓಲೆ ಆಂಡರ್ಸನ್, ಇ ಕಂಪನಿ, 15 ವಿಸ್ಕಾನ್ಸಿನ್. ಅದರ ಕೆಳಗೆ "ಅಲಿಯಾಸ್" ಅಂತ ಬರೆದು ಅಳಿಯನ ಸರ್‌ನೇಮ್! ವಿಧವೆಯ ಹೆಸರು ಕಲ್ಲಿನ ಮೇಲಿರುವುದೇ.

ಅಲಿಯಾಸ್ ನೋಡಿ ಅಳಿಯ ಗಾಬರಿಯಾದ. "ನಮ್ಮಜ್ಜ ಏನು ಕಳ್ಳನಾ" ಅಂದ. ನಮ್ಮೂರಿನ ಪಹಣಿಯಲ್ಲಿ, ರೇಷನ್ ಕಾರ್ಡಿನಲ್ಲಿ ಅರ್ಧ ಊರಿಗೆ "ಉರುಫ್" ಇದೆ ಮಾರಾಯ ಅಂತ ಸಮಾಧಾನ ಮಾಡಿದೆ.

ಪೆನ್ಷನ್ ಫೈಲಿಗೆ 80 ಡಾಲರ್ ಕಟ್ಟಿದೆ. ಈ ಸಲ ಮಗಳಿಗೆ ಹೇಳಿಯೇ.

ಮಿನಿಯಾಪೋಲಿಸ್_ಮಂಜು · ಜೂನ್ 25

ಫೈಲ್ ಬರುವ ತನಕ ಸುಮ್ನೆ ಕೂರಬೇಡಿ. ಮ್ಯಾಡಿಸನ್‌ನಲ್ಲೇ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿ ಇದೆ, ಯೂನಿವರ್ಸಿಟಿ ಪಕ್ಕ. ರೆಜಿಮೆಂಟುಗಳ ವಿವರ ಪಟ್ಟಿ ಅಲ್ಲಿದೆ. ಎತ್ತರ, ಕಣ್ಣಿನ ಬಣ್ಣ, ಕಸುಬು ಎಲ್ಲ ಸಿಗುತ್ತೆ. ಕ್ಯಾಪಿಟಲ್ ಹತ್ತಿರ ನಾರ್ವೇಜಿಯನ್ ಅಮೆರಿಕನ್ ಜೀನಿಯಲಾಜಿಕಲ್ ಸೆಂಟರ್ ಇದೆ. ನಾರ್ವೆಯ ಚರ್ಚ್ ಪುಸ್ತಕ ಓದೋಕೆ ಅವರು ಸಹಾಯ ಮಾಡ್ತಾರೆ. ಅಲ್ಲಿಯ ಪುಸ್ತಕಗಳೆಲ್ಲ ಡಿಜಿಟಲ್‌ಆರ್ಕಿವೆಟ್ ಅನ್ನುವ ನಾರ್ವೆ ಸರ್ಕಾರದ ಸೈಟಿನಲ್ಲಿ ಪುಕ್ಕಟೆ ಇವೆ, ಆದರೆ ಹಳೇ ಗಾಥಿಕ್ ಕೈಬರಹ. ನಮ್ಮ ಮೋಡಿ ಲಿಪಿಯಷ್ಟೇ ತಲೆನೋವು.

ಆ ರೆಜಿಮೆಂಟ್ ತರಬೇತಿ ಮಾಡಿದ ಕ್ಯಾಂಪ್ ರಾಂಡಲ್ ಕೂಡ ನಿಮ್ಮೂರಲ್ಲೇ. ಈಗ ಅಲ್ಲಿ ಫುಟ್ಬಾಲ್ ಸ್ಟೇಡಿಯಂ.

ಅಂಚೆಯಮ್ಮ · ಜುಲೈ 9

ಬಸ್ಸಿನಲ್ಲಿ ಒಬ್ಬಳೇ ಹೋಗಿಬಂದೆ! ಓಲೆ, ವಯಸ್ಸು 21, ರೈತ, ಹುಟ್ಟಿದ್ದು ನಾರ್ವೆ, ಕಣ್ಣು ನೀಲಿ. ಮೊಮ್ಮಗನ ಕಣ್ಣು ನಮ್ಮ ಹಾಗೆ ಕಪ್ಪು. ಅವನಿಗೆ ಸ್ವಲ್ಪ ಬೇಜಾರಾಯಿತು.

ಇನ್ನೊಂದು ವಿಷಯ. ಅಳಿಯನ ಸೋದರತ್ತೆಯೊಬ್ಬರು ಫೋನಿನಲ್ಲಿ, ನೀವು ಏನೇ ಹೇಳಿ, ಓಲೆ ಗೆಟಿಸ್‌ಬರ್ಗ್‌ನಲ್ಲಿದ್ದದ್ದಕ್ಕೆ ನಮ್ಮ ಹತ್ತಿರ ಫೋಟೋ ಇದೆ, ಹಿಂದೆ ಬರೆದಿದೆ ಅಂತ ಜಗಳಕ್ಕೇ ಬಂದರು. ಕಳಿಸಿ ಅಂದಿದ್ದೇನೆ.

ಬಯಲುಸೀಮೆ_ಬಸು · ಜುಲೈ 9

ಫೋಟೋ ಇದೆ ಅಂದ್ರೆ ಹಳೇಕಡತರು ಸೋತರು 😄

ಅಂಚೆಯಮ್ಮ · ಜುಲೈ 17

ಫೋಟೋ ಬಂತು. ಡೇರೆ ಮುಂದೆ ಮೂವರು ಕೂತಿದ್ದಾರೆ. ಹಿಂದೆ ಪೆನ್ಸಿಲ್‌ನಲ್ಲಿ "ಓಲೆ, ಗೆಟಿಸ್‌ಬರ್ಗ್". ಕೋಟಿನ ಮೇಲೆ ನಕ್ಷತ್ರದ ಬ್ಯಾಡ್ಜು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಮೂವರಿಗೂ ಎದೆ ತನಕ ಬಿಳೀ ಗಡ್ಡ. 1863ರಲ್ಲಿ ನಮ್ಮ ಓಲೆಗೆ 23 ವರ್ಷ ಅಲ್ವಾ?

ಹಳೇಕಡತ · ಜುಲೈ 17

ಅಮ್ಮ, ಇದು 1913!

ಗೆಟಿಸ್‌ಬರ್ಗ್ ಆಗಿ 50 ವರ್ಷಕ್ಕೆ ದೊಡ್ಡ ಮೇಳ ಮಾಡಿದ್ದರು. ಎರಡೂ ಕಡೆಯ ಮಾಜಿ ಸೈನಿಕರು 50,000ಕ್ಕೂ ಜಾಸ್ತಿ ಜನ ಬಂದು ಡೇರೆಯಲ್ಲಿ ಉಳಿದಿದ್ದರು. ಗೆಟಿಸ್‌ಬರ್ಗ್‌ನಲ್ಲಿ ಹೋರಾಡಿರಬೇಕು ಅಂತೇನೂ ಇರಲಿಲ್ಲ. ಅಂತರ್ಯುದ್ಧದ ಯಾವ ಸೈನಿಕನೂ ಬರಬಹುದಿತ್ತು. ನಿಮ್ಮ ಓಲೆಗೆ ಆಗ 73. ಗೆಟಿಸ್‌ಬರ್ಗ್‌ನಲ್ಲಿ ಇದ್ದದ್ದೂ ನಿಜ, ಫೋಟೋ ಇರೋದೂ ನಿಜ. 50 ವರ್ಷ ಮಾತ್ರ ಆಚೀಚೆ.

ಬಯಲುಸೀಮೆ_ಬಸು · ಜುಲೈ 17

ಅತ್ತೆಯವರೂ ಗೆದ್ದರು, ಹಳೇಕಡತರೂ ಗೆದ್ದರು. ಇಂಥ ಪಂಚಾಯ್ತಿ ನಾನು ಕಂಡಿಲ್ಲ.

ಅಂಚೆಯಮ್ಮ · ಸೆಪ್ಟೆಂಬರ್ 11

ಪೆನ್ಷನ್ ಫೈಲು ಬಂದು ಹತ್ತು ದಿನವಾಯಿತು. 94 ಪುಟ. ಕನ್ನಡಕ ಹಾಕಿಕೊಂಡು ಕೂತವಳು ಎದ್ದಿಲ್ಲ. ನೆನಪಿದ್ದಷ್ಟು ಬರೆಯುತ್ತೇನೆ.

ಗುಂಡು ಬಿದ್ದಿರಲಿಲ್ಲ. ಟೆನಿಸ್ಸಿಯ ಕೆಸರು ರಸ್ತೆಯಲ್ಲಿ ಸಾಮಾನಿನ ಗಾಡಿ ಹೂತುಕೊಂಡಿತ್ತು, ತಳ್ಳುವಾಗ ಚಕ್ರ ಎಡಗಾಲಿನ ಮೇಲೆ ಹರಿಯಿತು. ಜೊತೆಗೆ ಬೇಧಿ. ಸ್ಟೋನ್ಸ್ ರಿವರ್ ಆದಮೇಲೆ ತಿಂಗಳುಗಟ್ಟಲೆ ನ್ಯಾಶ್‌ವಿಲ್ ಆಸ್ಪತ್ರೆಯಲ್ಲಿದ್ದರು. ಆ ಯುದ್ಧದಲ್ಲಿ ಗುಂಡಿಗಿಂತ ಕಾಯಿಲೆಗೆ ಸತ್ತವರೇ ಜಾಸ್ತಿಯಂತೆ. ನಮ್ಮವರು ಉಳಿದುಕೊಂಡರು.

ಗಾಡಿಯ ವಿಷಯ ಸರ್ಕಾರದ ಪುಸ್ತಕದಲ್ಲಿ ಎಲ್ಲೂ ಇಲ್ಲ. ಅದಕ್ಕೆ ಪೆನ್ಷನ್ ಆಫೀಸಿನವರು ಒಪ್ಪಲಿಲ್ಲ. ಸಾಕ್ಷಿ ತಾ ಅಂದರು. ಇ ಕಂಪನಿಯ ಇಬ್ಬರು ನೋಟರಿ ಮುಂದೆ ಪ್ರಮಾಣ ಮಾಡಿ, ನಾವೇ ಅವನನ್ನು ಹೊತ್ತು ತಂದದ್ದು ಅಂತ ಬರೆದುಕೊಟ್ಟಿದ್ದಾರೆ. ಒಬ್ಬರು ಪಕ್ಕದ ಜಮೀನಿನವರೇ. ಅದೂ ಸಾಲದೆ ಡಾಕ್ಟರು ಕಾಲು ಅಳೆದು ಚಿತ್ರ ಬರೆದು, ಊದಿದ ಜಾಗಕ್ಕೆ ಗುರುತು ಹಾಕಿದ್ದಾರೆ. ನಾನೂ ಮನಿ ಆರ್ಡರ್‌ನಲ್ಲಿ ವಿಧವಾ ವೇತನ ಹಂಚಿದವಳು, ಒಂದು ಕಾಗದ ಕಮ್ಮಿ ಅಂತ ತಿಂಗಳುಗಟ್ಟಲೆ ಅಲೆದವರನ್ನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಈ ಫೈಲಿನಲ್ಲಿ ಕೌಂಟರಿನ ಆಚೆ ನಿಂತಹಾಗಾಯಿತು.

1907ರ ಅರ್ಜಿಗೆ ವಯಸ್ಸಿನ ದಾಖಲೆ ಬೇಕಾಯಿತು. ನಾರ್ವೆಯ ಚರ್ಚಿನಿಂದ ತರಿಸಿದ ದೀಕ್ಷಾಸ್ನಾನದ ನಕಲು ಫೈಲಿನಲ್ಲೇ ಇದೆ. ಅಪ್ಪ ಆಂಡರ್ಸ್, ಅಮ್ಮನ ಹೆಸರು, ಊರು, ಜಮೀನಿನ ಹೆಸರು. ಮಂಜು ಹೇಳಿದ್ದೇ ಸರಿ. ಸರ್‌ನೇಮ್ ಅಂದರೆ ಜಮೀನು. ಮೊಮ್ಮಗನ ವಂಶವೃಕ್ಷದಲ್ಲಿ ಒಂದಲ್ಲ, ಎರಡು ಮೆಟ್ಟಿಲು ಮೇಲೆ ಹೋಯಿತು.

ವಿಧವೆಯ ಅರ್ಜಿಯಲ್ಲಿ ಸಹಿ ಇಲ್ಲ. ಒಂದು ಗುಣಾಕಾರದ ಗುರುತು, ಆಚೀಚೆ "ಇವಳ ಗುರುತು" ಅಂತ ಬೇರೆಯವರ ಕೈಬರಹ. ನಮ್ಮಲ್ಲಾದರೆ ಹೆಬ್ಬೆಟ್ಟು. ಗೀಟು ನಡುಗಿದೆ.

ಇನ್ನು ಅಲಿಯಾಸ್ ಕಥೆ. ಎರಡು ಹೆಸರು ಯಾಕೆ ಅಂತ ಆಫೀಸಿನವರು ಕೇಳಿದ್ದಕ್ಕೆ ಓಲೆ ಉತ್ತರ ಬರೆಸಿದ್ದಾರೆ. ರೆಜಿಮೆಂಟಿನಲ್ಲಿ ತನ್ನದೇ ಹೆಸರಿನ ಇನ್ನೊಬ್ಬ ಇದ್ದ, ಎಫ್ ಕಂಪನಿಯವನು. ಅವನ ಕಾಗದ ನನಗೆ ಬರುತ್ತಿತ್ತು, ನನ್ನದು ಅವನಿಗೆ. ಊರಿಗೆ ಬಂದ ಮೇಲೂ ಅದೇ ಗೋಳು ಬೇಡ ಅಂತ ಜಮೀನಿನ ಹೆಸರು ಇಟ್ಟುಕೊಂಡೆ ಅಂತ.

ಎಫ್ ಕಂಪನಿಯ ಓಲೆ ಆಂಡರ್ಸನ್. ನಾನು 30 ಡಾಲರ್ ಕೊಟ್ಟು ತರಿಸಿದವನು!

ಹಳೇಕಡತ · ಸೆಪ್ಟೆಂಬರ್ 11

ಅಮ್ಮ, ಮೈ ಜುಮ್ ಅಂತು. ಅವನು ಎಲ್ಲಿ ತೀರಿಕೊಂಡದ್ದು? ಸೆರೆ ಅಂದಿದ್ದಿರಿ.

ಅಂಚೆಯಮ್ಮ · ಸೆಪ್ಟೆಂಬರ್ 12

ಚಿಕಮಾಗದಲ್ಲಿ ಹಿಡಿದುಕೊಂಡು ಹೋದದ್ದು. ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆ ಶಿಬಿರ. ಕಾಯಿಲೆ, ಆಗಸ್ಟ್ 1864. ಆಂಡರ್ಸನ್ ಅನ್ನುವವನು ಆಂಡರ್ಸನ್‌ವಿಲ್‌ನಲ್ಲಿ! ಮದುವೆ ಆಗಿರಲಿಲ್ಲ.

ಹಳೇಕಡತ · ಸೆಪ್ಟೆಂಬರ್ 12

ಆ ಶಿಬಿರದಲ್ಲಿ ಸುಮಾರು 13,000 ಜನ ಸತ್ತರು. ಆದರೂ ಹೆಚ್ಚಿನ ಗೋರಿಗಳಿಗೆ ಹೆಸರಿದೆ. ಡಾರೆನ್ಸ್ ಅಟ್‌ವಾಟರ್ ಅನ್ನುವ ಸೆರೆಯಾಳು ಸತ್ತವರ ಪಟ್ಟಿಯ ಇನ್ನೊಂದು ಪ್ರತಿಯನ್ನು ಗುಟ್ಟಾಗಿ ಬರೆದಿಟ್ಟುಕೊಂಡು ಹೊರಗೆ ತಂದ. 1865ರಲ್ಲಿ ಅದನ್ನು ಹಿಡಿದು ಅವನೂ, ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ್ದ ಕ್ಲಾರಾ ಬಾರ್ಟನ್ನೂ ಹೋಗಿ ಗೋರಿಗಳನ್ನು ಗುರುತಿಸಿದರು. ಪಟ್ಟಿಯಲ್ಲಿ ಗೋರಿ ನಂಬರ್ ಇರುತ್ತೆ, ನೋಡಿ.

ಅಂಚೆಯಮ್ಮ · ಅಕ್ಟೋಬರ್ 6

ನಂಬರ್ ಸಿಕ್ಕಿತು. ನಾಳಿದ್ದು ಹೊರಡುತ್ತಿದ್ದೇನೆ.

ಸೋದರತ್ತೆಗೆ 1913ರ ವಿಷಯ ಹೇಳಿದೆವು. "ಹೋಗಿದ್ದರು ತಾನೆ?" ಅಂದರು. ಅಷ್ಟಕ್ಕೇ ಬಿಟ್ಟೆವು. ನಕ್ಷತ್ರವನ್ನು ಮೊಮ್ಮಗ ಶಾಲೆಗೆ ಒಯ್ದು, ಇದು ಪದಕ ಅಲ್ಲ, ಸಂಘದ ಬ್ಯಾಡ್ಜು ಅಂತ ಎಲ್ಲರಿಗೂ ಪಾಠ ಮಾಡಿ ಬಂದಿದ್ದಾನೆ.

ಎಫ್ ಕಂಪನಿಯ ಓಲೆಯ ಕಾಗದಗಳು ನನ್ನ ಹತ್ತಿರವೇ ಉಳಿದಿದ್ದವು. ತಪ್ಪು ವಿಳಾಸಕ್ಕೆ ಬಂದದ್ದನ್ನು ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಒಂದು ಕವರಿನಲ್ಲಿ ಹಾಕಿ, ಕಂಪನಿ, ಸೆರೆ ಶಿಬಿರ, ಗೋರಿ ನಂಬರ್ ಎಲ್ಲ ಮೇಲೆ ಬರೆದು, ನಿನ್ನೆ ಬಸ್ ಹಿಡಿದು ಆ ನಾರ್ವೇಜಿಯನ್ ಸೆಂಟರಿಗೆ ಕೊಟ್ಟು ಬಂದೆ. ಅವನ ಅಣ್ಣನದೋ ತಂಗಿಯದೋ ಕಡೆಯವರು ಯಾರಾದರೂ ಕೇಳಿಕೊಂಡು ಬಂದರೆ ಇರಲಿ ಅಂತ. ರಸೀದಿ ಕೇಳಿದೆ. ನಗುತ್ತಲೇ ಬರೆದುಕೊಟ್ಟರು.